ಪೆಟ್ಟಿಗೆ ನುಂಗಿದ ಸ್ವರ

ಮರಗೆಲಸದ ಅಂಗಡಿಯ ಮೇಲಿನ ಆ ಕೋಣೆಗೆ ಭಾನುವಾರ ಮಧ್ಯಾಹ್ನ ಹೊಸಬರು ಯಾರಾದರೂ ಕಾಲಿಟ್ಟರೆ, ಇದು ಸಂಗೀತ ಕೇಳುವ ಜಾಗವೋ ಗಡಿ ಕಾಯುವ ಠಾಣೆಯೋ ಎಂದು ತಬ್ಬಿಬ್ಬಾಗುವುದು ಖಂಡಿತ. ಬಾಗಿಲ ಹೊರಗೆ ಚಪ್ಪಲಿ ಬೂಟುಗಳು ಒಂದೇ ಗೆರೆಯಲ್ಲಿ ನಿಂತಿರುತ್ತಿದ್ದವು. ಒಳಗೆ ಗೋಡೆಗೆಲ್ಲ ದಪ್ಪ ಪರದೆ, ನೆಲದ ಮೇಲೆ ಹಳೆಯ ಕಂಬಳಿ, ಮೂರು ಮರದ ಕುರ್ಚಿ. ಕುರ್ಚಿಯ ಕಾಲು ಎಲ್ಲಿ ಊರಬೇಕೆಂದು ಕಂಬಳಿಯ ಮೇಲೆ ಸೀಮೆಸುಣ್ಣದ ಗುರುತು. ಆ ಗುರುತಿನಿಂದ ಬೆರಳಗಲ ಸರಿಸಿದರೂ ಸಾಕು, ಮೂರು ಮುದುಕರೂ ಒಟ್ಟಿಗೇ ಮೈಮೇಲೆ ಬೀಳುತ್ತಿದ್ದರು.

ಮೂವರೂ ಸೈನ್ಯದಿಂದ ನಿವೃತ್ತರಾದವರು. ಹಿರಿಯವನು ತೋಪುಗಳ ದಳದವನು, ಅಡ್ಡಹೆಸರು ಫಿರಂಗಿ. ತೋಪಿನ ಪಕ್ಕ ನಿಂತು ನಿಂತು ಅವನ ಕಿವಿ ಅರ್ಧ ಹೋಗಿತ್ತು. ಉಳಿದರ್ಧಕ್ಕೇ ಅವನು ಸಂಗೀತದ ಹುಚ್ಚು ಹಚ್ಚಿಕೊಂಡಿದ್ದ. ತೋಪು ಹಾರುವ ಮೊದಲು ಬಾಯಿ ತೆರೆದಿರಬೇಕು, ಇಲ್ಲದಿದ್ದರೆ ಕಿವಿಯ ತಮಟೆ ಹರಿಯುತ್ತದೆ ಎಂದು ಕಲಿತವನು ಅವನು. ಈಗಲೂ ರೆಕಾರ್ಡಿನಲ್ಲಿ ದೊಡ್ಡ ಡ್ರಮ್ಮಿನ ಪೆಟ್ಟು ಬೀಳುವ ಮೊದಲೇ ಅವನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಎರಡನೆಯವನು ಜಲಾಂತರ್ಗಾಮಿಯಲ್ಲಿ ಕುಳಿತು ನೀರೊಳಗಿನ ಸದ್ದು ಆಲಿಸಿ, ಇದು ಹಡಗು, ಇದು ತಿಮಿಂಗಿಲ ಎಂದು ಹೇಳುತ್ತಿದ್ದವನು. ಅವನನ್ನು ಮೀನು ಎನ್ನುತ್ತಿದ್ದರು. ಮಾತು ಕಡಿಮೆ, ಕಿವಿ ಮಾತ್ರ ಲೋಕದಲ್ಲಿ ಇನ್ನೊಂದಿಲ್ಲ.

ಮೂರನೆಯವನೇ ನಮ್ಮ ಕತೆಯವನು. ನೆಲಬಾಂಬು ಹುಡುಕಿ ತೆಗೆಯುವ ದಳದಲ್ಲಿದ್ದವನು. ಒಂದು ಮದುವೆಯ ಮನೆಯಲ್ಲಿ ಮೈಕು ಕುಂಯ್ ಎಂದು ಕಿರುಚಿದಾಗ ಇವನು ಊಟದ ತಟ್ಟೆ ಹಿಡಿದು ನಡೆಯುತ್ತಿದ್ದ. ಎತ್ತಿದ ಬಲಗಾಲು ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು. ಮೈಕಿನವನು ಸದ್ದು ಅಡಗಿಸುವ ತನಕ ಒಂಟಿಗಾಲಿನಲ್ಲಿ ನಿಂತೇ ಇದ್ದ. ಫಿರಂಗಿ ಹೊಟ್ಟೆ ಹುಣ್ಣಾಗುವಂತೆ ನಕ್ಕು, “ಕೊಕ್ಕರೆ ಕಣೋ ನೀನು!” ಎಂದ. ಹೆಸರು ಅಂಟಿಕೊಂಡಿತು. ಅಂದು ಮೀನು ಮಾತ್ರ ನಗಲಿಲ್ಲ. ಕೊಕ್ಕರೆಯೂ ಮೀನೂ ಜಗಳವಿಲ್ಲದೆ ಅಕ್ಕಪಕ್ಕ ಕೂರುವುದು ತನ್ನ ಅಂಗಡಿಯ ಮೇಲೆ ಮಾತ್ರ ಎಂದು ಕೆಳಗಿನ ಮರಗೆಲಸದವನು ಗಿರಾಕಿಗಳನ್ನು ನಗಿಸುತ್ತಿದ್ದ.

ಕೋಣೆಯಲ್ಲಿದ್ದ ಸಾಮಗ್ರಿಯೆಲ್ಲ ಇವರ ಕೈಯದೇ. ರೆಕಾರ್ಡು ತಿರುಗಿಸುವ ಯಂತ್ರವನ್ನು ಫಿರಂಗಿ ಒಂದು ಕಲ್ಲುಚಪ್ಪಡಿಯ ಮೇಲೆ ಕೂರಿಸಿದ್ದ. ತೋಪಿನ ಮಟ್ಟ ನೋಡುವ ಹಾಗೆ ಅದರ ಮಟ್ಟ ನೋಡುತ್ತಿದ್ದ. ವಾಲ್ವುಗಳು ಕೆಂಡದ ಹಾಗೆ ಮಿನುಗುವ ಆಂಪ್ಲಿಫೈಯರ್ ಮೀನಿನದು. ಎದೆಯೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳು ಕೊಕ್ಕರೆಯವು. ಹಲಗೆ ಕೊಯ್ದವನು, ತಂತಿ ಜೋಡಿಸಿದವನು, ಮೇಣ ಉಜ್ಜಿದವನು ಎಲ್ಲ ಅವನೇ. ಕೇಳಿದವರು “ಬೆಣ್ಣೆ, ಬೆಣ್ಣೆಯಂಥ ಸದ್ದು!” ಎನ್ನುತ್ತಿದ್ದರು.

ನಿಯಮಗಳೂ ಇದ್ದವು. ಮುಳ್ಳು ರೆಕಾರ್ಡಿನ ಮೇಲಿಳಿಯಿತೆಂದರೆ ತುಟಿ ಪಿಟಕ್ಕೆನ್ನುವಂತಿಲ್ಲ. ಬಾಯಿ ಬಿಟ್ಟವನು ಚಹಾ ಮಾಡಬೇಕು. ಮುಗಿದ ಮೇಲೆ ಒಬ್ಬೊಬ್ಬರಾಗಿ ವರದಿ ಒಪ್ಪಿಸಬೇಕು: ಯಾವ ದಿಕ್ಕು, ಎಷ್ಟು ದೂರ, ಏನು. ಆಹಾ, ಮನಸ್ಸು ತುಂಬಿತು ಎಂಬ ಮಾತಿಗೆಲ್ಲ ಅಲ್ಲಿ ಬೆಲೆಯಿಲ್ಲ. ವರದಿಯಲ್ಲಿ ಸುಳ್ಳು ಹೇಳುವಂತೆಯೂ ಇಲ್ಲ. ಸುಳ್ಳು ವರದಿಯಿಂದ ಜನ ಸಾಯುತ್ತಾರೆಂಬುದನ್ನು ಮೂವರೂ ಪುಸ್ತಕ ಓದಿ ಕಲಿತವರಲ್ಲ.

ಒಮ್ಮೆ ಮೀನು ಕಣ್ಣು ಮುಚ್ಚಿಕೊಂಡೇ, “ಎಡಕ್ಕೆ, ಹಿಂದಿನ ಸಾಲು, ಕೊಳಲು. ಊದೋನಿಗೆ ನೆಗಡಿ ಆಗಿದೆ,” ಎಂದು ವರದಿ ಕೊಟ್ಟ.

“ರೈಲು ಬಿಡ್ಬೇಡ,” ಎಂದ ಫಿರಂಗಿ.

ಮತ್ತೆ ಹಾಕಿದರು. ಉಸಿರು ಬಿಗಿಹಿಡಿದು ಕೇಳಿದರು. ಎರಡು ಸ್ವರಗಳ ಸಂದಿಯಲ್ಲಿ, ನಿಜಕ್ಕೂ, ಸುರ್ ಎಂದು ಮೂಗೆಳೆದ ಸದ್ದು. ಯಾವ ಕಾಲದಲ್ಲೋ, ಯಾವ ಊರಿನಲ್ಲೋ ಸುರ್ ಎಂದಿದ್ದ ಮೂಗು ಈ ಕೋಣೆಯಲ್ಲಿ ಮತ್ತೆ ಸುರ್ ಎಂದಿತ್ತು. ಮೂವರಿಗೂ ಮೈ ಜುಮ್ಮೆಂದಿತು. ಅದೊಂದು ಮೂಗಿಗಾಗಿ ಅಂದು ಅವರು ಎದ್ದು ನಿಂತು ಗೌರವ ಸಲ್ಲಿಸಿದ್ದನ್ನು ನಾನು ಹೇಳಿದರೆ ನೀವು ನಂಬುವುದಿಲ್ಲ, ಬಿಡಿ.

ಇಷ್ಟೆಲ್ಲ ನಿಯಮವಿದ್ದ ಆ ಕೋಣೆಯಲ್ಲಿ ಕೊಕ್ಕರೆ ಒಂದು ಮೋಸ ಮಾಡಿದ್ದ. ಪೆಟ್ಟಿಗೆಗಳ ಬೆನ್ನಿನೊಳಗೆ, ಯಾರಿಗೂ ಕಾಣದ ಹಾಗೆ, ಒಂದೊಂದು ತಾಮ್ರದ ಸುರುಳಿ ಕೂರಿಸಿದ್ದ. ಆ ಸುರುಳಿಗೆ ಒಂದೇ ಕೆಲಸ. ಸಂಗೀತದಲ್ಲಿ ಒಂದು ಎತ್ತರದ ಸ್ವರವನ್ನೂ ಅದರ ಅಕ್ಕಪಕ್ಕದ ಒಂದಷ್ಟನ್ನೂ ಅದು ಗುಳುಂ ಮಾಡಿಬಿಡುತ್ತಿತ್ತು. ಜನ ಬೆಣ್ಣೆ ಎಂದು ಹೊಗಳುತ್ತಿದ್ದದ್ದು ಆ ತೂತನ್ನು.

ಆ ಸ್ವರದ ಕತೆ ಹೇಳಲೇಬೇಕು. ನೆಲಬಾಂಬು ಹುಡುಕುವವನ ಕಿವಿಗೆ ಹೆಡ್‌ಫೋನು, ಕೈಯಲ್ಲೊಂದು ಉದ್ದ ಕೋಲು, ಕೋಲಿನ ತುದಿಗೆ ತಟ್ಟೆಯಂಥದ್ದು. ಅದನ್ನು ನೆಲದ ಮೇಲೆ ಸವರುತ್ತ ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗಬೇಕು. ನೆಲದಡಿ ಲೋಹವಿದ್ದರೆ ಕಿವಿಯಲ್ಲೊಂದು ದನಿ ಏಳುತ್ತದೆ. ತೆಳ್ಳಗೆ ಶುರುವಾಗಿ, ಏರಿ, ಒಂದೆಡೆ ನಿಂತುಬಿಡುತ್ತದೆ. ಅದು ಕೇಳಿದ ಕ್ಷಣ ಎತ್ತಿದ ಕಾಲನ್ನು ಇಳಿಸಬಾರದು. ಬಂದ ಹೆಜ್ಜೆಗುರುತಿನ ಮೇಲೇ ಹೆಜ್ಜೆಯಿಟ್ಟು, ಬೆನ್ನು ತಿರುಗಿಸದೆ, ಹಿಂದೆ ಹಿಂದೆ ಬರಬೇಕು. ಕೊಕ್ಕರೆಯ ಮುಂದೆ ನಡೆಯುತ್ತಿದ್ದವನೊಬ್ಬ ಒಮ್ಮೆ ಕಾಲಿಳಿಸಿದ. ಅದಕ್ಕಿಂತ ಹೆಚ್ಚಿಗೆ ಕೊಕ್ಕರೆ ಯಾರಿಗೂ ಹೇಳಿಲ್ಲ, ನಾವೂ ಕೇಳುವುದು ಬೇಡ.

ಇಂಥವನ ಮಗಳು, ವಾದ್ಯಗಳಿಗೇನು ಬರವೇ, ಹೋಗಿ ಹೋಗಿ ಪಿಟೀಲನ್ನೇ ಹಿಡಿದಳು. ಶಾಲೆಯ ವೇದಿಕೆಯ ಮೇಲೆ ಅವಳು ಮೊದಲ ಸಲ ನುಡಿಸಿದ ದಿನ ಕೊಕ್ಕರೆ ರಜೆಯ ಮೇಲೆ ಬಂದಿದ್ದ, ಮುಂದಿನ ಸಾಲಿನಲ್ಲಿ ಎದೆಯುಬ್ಬಿಸಿ ಕುಳಿತಿದ್ದ. ಸಭಾಂಗಣದ ಸ್ಪೀಕರುಗಳೋ ತಗಡಿನ ಡಬ್ಬಗಳು. ಪುಟ್ಟ ಕೈಯ ಕಮಾನು ತಂತಿಯ ಮೇಲೆ ಸರಿದು ಆ ಸ್ವರಕ್ಕೆ ಬಂದು ನಿಂತದ್ದೇ ತಡ, ಇವನು ಎದ್ದು ನಿಂತಿದ್ದ, ಬಲಗಾಲು ಗಾಳಿಯಲ್ಲಿತ್ತು. ಆಮೇಲೆ ಕುರ್ಚಿಗಳ ನಡುವಿನ ಹಾದಿಯಲ್ಲಿ, ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಡುತ್ತ, ಹಿಂದೆ ಹಿಂದೆ ನಡೆದು ಬಾಗಿಲು ದಾಟಿಬಿಟ್ಟ. ವೇದಿಕೆಯ ಮೇಲಿನ ಹುಡುಗಿ, ಅಪ್ಪ ತನ್ನ ಮುಖವನ್ನೇ ನೋಡುತ್ತ ದೂರ ದೂರ ಹೋಗುವುದನ್ನು ನೋಡುತ್ತಲೇ ನುಡಿಸಿ ಮುಗಿಸಿದಳು.

ಅದರಾಚೆಗೆ ಅಪ್ಪ ರಜೆಗೆ ಬಂದಾಗಲೆಲ್ಲ ಅವಳು ಪಕ್ಕದ ಮನೆಗೆ ಹೋಗಿ ಅಭ್ಯಾಸ ಮಾಡಿದಳು. ಯಾರೂ ಏನೂ ಕೇಳಲಿಲ್ಲ, ಯಾರೂ ಏನೂ ಹೇಳಲಿಲ್ಲ. ಈಗ ಅವಳು ಬೇರೆ ಊರಿನ ದೊಡ್ಡ ವಾದ್ಯವೃಂದದಲ್ಲಿ ನುಡಿಸುತ್ತಾಳೆ, ಹೆಸರು ಮಾಡಿದ್ದಾಳೆ. ಅಪ್ಪ ಮಗಳು ಫೋನಿನಲ್ಲಿ ಊಟ ತಿಂಡಿ, ಮಂಡಿ ನೋವು, ಪಕ್ಕದ ಮನೆಯ ನಾಯಿ ಎಲ್ಲದರ ಬಗ್ಗೆ ಮಾತಾಡುತ್ತಾರೆ. ಪಿಟೀಲಿನ ಸುದ್ದಿ ಮಾತ್ರ ಇಬ್ಬರೂ ಎತ್ತುವುದಿಲ್ಲ.

ಹಾಗಿರುವಾಗ ಒಂದು ದಿನ ಮಗಳೇ ಎತ್ತಿದಳು.

“ಅಪ್ಪ, ನನ್ನದೇ ಒಂದು ರೆಕಾರ್ಡ್ ಬರ್ತಾ ಇದೆ. ನಾನೊಬ್ಬಳೇ ನುಡಿಸಿರೋದು. ಮಾದರಿಗೆ ಅಂತ ಒಂದು ರೆಕಾರ್ಡ್ ಕಳಿಸಿದಾರೆ. ನಾನು ಕೇಳಿ ಸರಿ ಅಂದ್ರೆ ಮಾತ್ರ ಉಳಿದ ಪ್ರತಿಗಳನ್ನ ಅಚ್ಚು ಒತ್ತುತ್ತಾರೆ. ನಮ್ಮ ಸ್ಟುಡಿಯೋದ ಇಂಜಿನಿಯರ್ ಏನಂದ್ರು ಗೊತ್ತಾ? ಇಂಥಾ ಊರಲ್ಲಿ ಮೂರು ಜನ ನಿವೃತ್ತ ಸೈನಿಕರ ಕೋಣೆ ಇದೆ, ಅಲ್ಲಿ ಕೇಳಿ ಬನ್ನಿ ಅಂದ್ರು. ಅದರಲ್ಲಿ ಒಬ್ಬರು ನಮ್ಮಪ್ಪ ಅಂತ ನಾನು ಹೇಳ್ಲಿಲ್ಲ.”

“ಬಾಮ್ಮ,” ಎಂದ ಕೊಕ್ಕರೆ. ಬೇರೇನು ಹೇಳಲು ಬರುತ್ತದೆ?

ಫೋನಿಟ್ಟ ಮೇಲೆ ಹೆಂಡತಿ, “ಭಾನುವಾರ ನಿಮಗೆ ಎಲ್ಲಿಗಾದ್ರೂ ತುರ್ತಾಗಿ ಹೋಗೋದಿದೆಯಾ?” ಎಂದಳು. ಅಣಕವೋ ಕಳಕಳಿಯೋ ಅವನಿಗೆ ತಿಳಿಯಲಿಲ್ಲ. “ಇಲ್ಲ,” ಎಂದ. ಸುರುಳಿ ಇದೆಯಲ್ಲ, ಹೆದರಿಕೆಯೇನು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ. ಮಗಳ ಸಂಗೀತವನ್ನು ಕೂತಲ್ಲೇ ಕೂತು ಕೇಳಿಬಿಡಬಹುದು, ಅವಳಿಗೂ ಸಂತೋಷವಾಗುತ್ತದೆ. ಪಾಪ, ಅಷ್ಟು ದೂರಕ್ಕೇ ಅವನ ಲೆಕ್ಕಾಚಾರ ನಿಂತಿತ್ತು.

ಭಾನುವಾರ ಮಗಳು ಪಿಟೀಲಿನ ಪೆಟ್ಟಿಗೆ ಬೆನ್ನಿಗೆ ಹಾಕಿಕೊಂಡು, ರೆಕಾರ್ಡನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಅವಳಮ್ಮ ಹಿಂದೆ ಬಂದಳು. ಚಪ್ಪಲಿಯ ಸಾಲು ನೋಡಿ ಮಗಳು ತನ್ನದನ್ನೂ ಅದೇ ಗೆರೆಗೆ ಬಿಟ್ಟಾಗಲೇ ಫಿರಂಗಿ ಅವಳಿಗೆ ಮಾರುಹೋದ. ಮೀನು ಎದ್ದು, ಯಾರಿಗೂ ಬಿಟ್ಟುಕೊಡದ ತನ್ನ ನಡುವಿನ ಕುರ್ಚಿಯನ್ನು ಅವಳಿಗೆ ಕೊಟ್ಟು ತಾನು ಗೋಡೆಗೊರಗಿ ನಿಂತ. ಕೊಕ್ಕರೆ ಎಂದಿನಂತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತ.

ಮುಳ್ಳು ಇಳಿಯಿತು. ಪಿಟೀಲು ಮೆಲ್ಲಗೆ ಶುರುವಾಯಿತು, ಅಲೆದಾಡಿತು, ಮೇಲಕ್ಕೆ ಹತ್ತಿತು. ಆ ಸ್ವರ ಬರಬೇಕಾದ ಕಡೆ ಬಂತು. ಪೆಟ್ಟಿಗೆ ಅದನ್ನು ನುಂಗಿತು. ಕೊಕ್ಕರೆಯ ಎರಡು ಕಾಲೂ ನೆಲದ ಮೇಲೇ ಇದ್ದವು. ಅವನು ಹಗುರಾಗಿ ಮಗಳ ಕಡೆ ನೋಡಿದ. ಮಗಳ ಮುಖ ಸಪ್ಪಗಾಗಿತ್ತು.

ರೆಕಾರ್ಡು ಮುಗಿಯಿತು. “ಅತಿಥಿಯ ವರದಿ ಮೊದಲು,” ಎಂದ ಮೀನು.

“ಇದು ನಾನಲ್ಲ, ಚಿಕ್ಕಪ್ಪ,” ಎಂದಳು ಮಗಳು. ನಗಲು ನೋಡಿದಳು. “ಸ್ಟುಡಿಯೋದಲ್ಲಿ ಕೇಳಿದಾಗ ಏನೋ ಇದೆ ಅನ್ನಿಸಿತ್ತು. ಭ್ರಮೆ ಅಂತ ಕಾಣುತ್ತೆ. ಇಲ್ಲಿ ಕೇಳಿದ್ರೆ ಜೀವಾನೇ ಇಲ್ಲ. ನಾಳೆ ಫೋನ್ ಮಾಡಿ ಹೇಳಿಬಿಡ್ತೀನಿ, ಒತ್ತೋದು ಬೇಡ ಅಂತ.” ಆಮೇಲೆ ಬಾಗಿಲ ಕಡೆ ತಿರುಗದೆಯೇ, “ಅಪ್ಪ ಅವತ್ತು ಎದ್ದು ಹೋಗಿದ್ದು ಸುಮ್ಮನೆ ಅಲ್ಲ. ಅಪ್ಪನಿಗೆ ಆಗಲೇ ಗೊತ್ತಾಗಿತ್ತು,” ಎಂದಳು.

ಫಿರಂಗಿ, “ಎದುರಿಗೆ, ಪಿಟೀಲು. ತುಂಬಾ ಚೆನ್ನಾಗಿದೆ ಮಗಳೇ,” ಎಂದು ನಿಯಮವನ್ನು ಗಾಳಿಗೆ ತೂರಿದ.

ಮೀನು ಕಣ್ಣು ಮುಚ್ಚಿಕೊಂಡಿದ್ದ. “ಎದುರಿಗೆ, ಪಿಟೀಲು. ಅದರ ಬಾಯಿಗೆ ಯಾರೋ ಕೈ ಅಡ್ಡ ಹಿಡಿದಿದಾರೆ,” ಎಂದ. ಆಮೇಲೆ ಕಣ್ಣು ತೆರೆದು, “ಮುಂದಿನ ವರದಿ,” ಎಂದ.

ಮುಂದಿನ ವರದಿ ಕೊಕ್ಕರೆಯದು. ಸುಮ್ಮನಿದ್ದರೆ ತಾನು ಬಚಾವು. ಆದರೆ ಮಗಳು ತನ್ನ ಕೈಯಲ್ಲಿ ಜೀವವಿಲ್ಲವೆಂದು ನಂಬಿಕೊಂಡು ಈ ಮೆಟ್ಟಿಲು ಇಳಿದು ಹೋಗುತ್ತಾಳೆ, ಇನ್ನು ಬದುಕಿರುವ ತನಕ ಹಾಗೇ ನಂಬುತ್ತಾಳೆ.

“ತಪ್ಪು ರೆಕಾರ್ಡಿನದಲ್ಲ,” ಎಂದ. “ಪೆಟ್ಟಿಗೇದು. ನಾನು ಮಾಡಿದ್ದು.”

ಪೆಟ್ಟಿಗೆಯ ಬೆನ್ನಿನ ತಿರುಪುಗಳನ್ನು ಬಿಚ್ಚಿದ. ಬಿಚ್ಚುತ್ತಲೇ ಹೇಳಿದ, ತಡವರಿಸುತ್ತ, ವಾಕ್ಯ ಪೂರ್ತಿ ಮಾಡದೆ. ಹೆಡ್‌ಫೋನಿನ ದನಿ, ಎತ್ತಿದ ಕಾಲು, ಮುಂದೆ ನಡೆಯುತ್ತಿದ್ದವನು. “ನಿನ್ನ ಪಿಟೀಲು ಅದೇ ಜಾಗಕ್ಕೆ ಬಂದು ನಿಲ್ತಿತ್ತು ಕಣಮ್ಮ. ನಂಗೆ ಅದು ನೀನು ಅಂತ ಗೊತ್ತು. ಕಾಲಿಗೆ ಗೊತ್ತಾಗ್ತಿರಲಿಲ್ಲ.”

“ಮತ್ತೆ ಶಾಲೆಯಲ್ಲಿ ಹಿಂದೆ ಹಿಂದೆ ಹೋಗಿದ್ದು?”

“ಬೆನ್ನು ತಿರುಗಿಸಿದ್ರೆ ಹೆಜ್ಜೆ ತಪ್ಪುತ್ತೆ. ನಿನ್ನ ಮುಖ ನೋಡ್ಕೊಂಡೇ ಹೋದೆ, ಅದೊಂದೇ ದಾರಿ ಕಾಣ್ತಿದ್ದಿದ್ದು.”

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಅವಳಮ್ಮ ಬಾಗಿಲ ಚೌಕಟ್ಟಿಗೆ ಒರಗಿ, “ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ರೀ,” ಎಂದು ಗದ್ಗದಿಸಿದಳು. ಗದರಿದಳು ಎಂದರೂ ಸರಿಯೇ.

ಕೊಕ್ಕರೆ ಕಂಬಳಿಯ ಮೇಲೆ ಬೋರಲಾಗಿ ಮಲಗಿದ. ಮೊಣಕೈ ಊರಿ, ತಲೆಯನ್ನು ಒಂದಿಷ್ಟೇ ಎತ್ತಿ, ಪೆಟ್ಟಿಗೆಯ ಕತ್ತಲೊಳಗೆ ಬೆರಳನ್ನು ಓರೆಯಾಗಿ ತೂರಿಸಿ, ಮುಟ್ಟಿಯೂ ಮುಟ್ಟದ ಹಾಗೆ ತಡವಿದ. ಅಪ್ಪ ತನ್ನ ಕೆಲಸ ಮಾಡುವುದನ್ನು ಮಗಳು ನೋಡಿದ್ದು ಇದೇ ಮೊದಲು. ಅರವತ್ತು ದಾಟಿದ ಆ ಬೆರಳುಗಳು ಎಳ್ಳಷ್ಟೂ ನಡುಗುತ್ತಿರಲಿಲ್ಲ. ಹೀಗೆ ಮಲಗಿ, ಹೀಗೆ ತಡವಿ, ಈ ಮನುಷ್ಯ ಎಷ್ಟು ಜನರ ಕಾಲು ಉಳಿಸಿದ್ದಾನೋ ಎಂದು ಅವಳಿಗೆ ಅನ್ನಿಸಿತು. ಸಿನಿಮಾದವರಂತೆ ಕೆಂಪು ತಂತಿಯೋ ನೀಲಿ ತಂತಿಯೋ ಎಂದು ಬೆವರುವ ಗೋಜಿರಲಿಲ್ಲ, ಎರಡೂ ಕಪ್ಪೇ ಇದ್ದವು. ಬಿಸಿ ಕಡ್ಡಿ ತಾಗಿಸಿದ. ಬೆಸುಗೆ ಕರಗಿತು, ಸಣ್ಣಗೆ ಹೊಗೆಯೆದ್ದಿತು, ಸುರುಳಿ ಅಂಗೈಗೆ ಬಂತು. ಇನ್ನೊಂದು ಪೆಟ್ಟಿಗೆಯದನ್ನೂ ತೆಗೆದ.

“ನಂಗೆ ಮೊದಲ ದಿನಾನೇ ಗೊತ್ತಿತ್ತು,” ಎಂದ ಮೀನು.

ಕೊಕ್ಕರೆ ತಲೆಯೆತ್ತಿದ. “ಮತ್ತೆ ಯಾಕೆ ಹೇಳ್ಲಿಲ್ಲ?”

“ನಿನ್ನ ನೆಲ ಅದು. ನೀನೇ ಗುರುತು ಹಾಕಿದ ಜಾಗಕ್ಕೆ ನಾನ್ಯಾಕೆ ಕಾಲಿಡ್ಲಿ?”

ಫಿರಂಗಿಗೆ ಕೋಪ ಬಂತು. “ಅಂದ್ರೆ ಇಷ್ಟು ವರ್ಷ ನಾನು ಕೇಳಿದ್ದೆಲ್ಲ ಅರೆಬರೆನಾ?”

“ನಿಂಗೆ ಆ ಸ್ವರ ಸುರುಳಿ ಇಲ್ದಿದ್ರೂ ಕೇಳ್ಸಲ್ಲ, ಸುಮ್ನಿರು,” ಎಂದ ಮೀನು. ಅಮ್ಮ ಮಗಳು ಅಳುವಿನ ನಡುವೆ ಫಕ್ಕನೆ ನಕ್ಕುಬಿಟ್ಟರು.

ಈ ಸಲ ಮೀನು ಕೊಕ್ಕರೆಯ ತೋಳು ಹಿಡಿದು ನಡುವಿನ ಕುರ್ಚಿಯಲ್ಲಿ ಕೂರಿಸಿದ. ಮಗಳು ಕಂಬಳಿಯ ಮೇಲೆ ಗೋಡೆಯ ಪಕ್ಕ ಕುಳಿತಳು. ಬಾಗಿಲು ದೂರವಾಯಿತಲ್ಲ ಎಂದು ಕೊಕ್ಕರೆ ಒಮ್ಮೆ ನೋಡಿಕೊಂಡ. ಮುಳ್ಳು ಇಳಿಯಿತು.

ಮೊದಲು ಕೇಳಿಸಿದ್ದು ಪಿಟೀಲಲ್ಲ, ಉಸಿರು. ಕಮಾನು ಇಡುವ ಮೊದಲು ಮಗಳು ಮೂಗಿನಿಂದ ಎಳೆದುಕೊಂಡ ಸಣ್ಣ ಉಸಿರು. ಚಿಕ್ಕಂದಿನಲ್ಲಿ ಅವನ ಹೆಗಲೇರುವ ಮೊದಲು ಅವಳು ಹೀಗೇ ಎಳೆದುಕೊಳ್ಳುತ್ತಿದ್ದಳು. ಇದು ಮೊದಲೂ ರೆಕಾರ್ಡಿನಲ್ಲಿ ಇತ್ತೇ? ಇತ್ತು, ಪೆಟ್ಟಿಗೆ ಅದನ್ನೂ ಚೂರು ತಿಂದಿತ್ತು. ಆಮೇಲೆ ಕಮಾನಿಗೆ ಹಚ್ಚಿದ ರಾಳ ತಂತಿಯನ್ನು ಕಚ್ಚಿದ್ದು, ಬೆರಳಿನ ತುದಿ ಮರದ ಮೇಲೆ ಟಪ್ಪೆಂದದ್ದು, ಕುರ್ಚಿ ಕಿರ್ರೆಂದದ್ದು, ಒಂದೊಂದೂ ಅದರದರ ಜಾಗದಲ್ಲಿ ಎದ್ದು ನಿಂತವು. ಎರಡು ಪೆಟ್ಟಿಗೆಗಳ ನಡುವಿನ ಬರಿಯ ಗಾಳಿಯಲ್ಲಿ ಒಬ್ಬಳು ಹೆಣ್ಣುಮಗಳು ಕುಳಿತಿದ್ದಳು. ಕೈ ಚಾಚಿದರೆ ಮೊಣಕಾಲು ಸಿಗುವಷ್ಟು ಹತ್ತಿರ.

ಪಿಟೀಲು ಹತ್ತತೊಡಗಿತು. ಕೊಕ್ಕರೆಗೆ ಮುಂದೇನೆಂದು ಗೊತ್ತಿತ್ತು. ಆ ಸ್ವರ ತೆಳ್ಳಗೆ ಎದ್ದು, ಏರಿ, ಬಂದು ನಿಂತಿತು. ಅವನ ಬಲಗಾಲು ನೆಲ ಬಿಟ್ಟು ಮೇಲೆದ್ದಿತು.

ಎಲ್ಲರೂ ನೋಡಿದರು.

ಸ್ವರ ನಿಂತೇ ಇತ್ತು. ಹೆಡ್‌ಫೋನಿನ ದನಿ ಒಂದು ಗೆರೆ, ಅದರಲ್ಲಿ ಯಾರೂ ಇರುತ್ತಿರಲಿಲ್ಲ. ಶಾಲೆಯ ತಗಡಿನ ಡಬ್ಬಗಳೂ ಮಗಳನ್ನು ಅಂಥದೇ ಒಂದು ಗೆರೆಯಾಗಿ ಸವೆಸಿಬಿಟ್ಟಿದ್ದವು. ಇದು ಗೆರೆಯಲ್ಲ. ಇದರೊಳಗೆ ಬೆರಳಿನ ನಡುಕವಿತ್ತು, ತೋಳಿನ ಭಾರವಿತ್ತು, ಕಮಾನಿನ ಕೂದಲು ಒಂದೊಂದಾಗಿ ತಂತಿ ಹಿಡಿದು ಬಿಡುವುದಿತ್ತು, ಪಿಟೀಲಿನ ಟೊಳ್ಳು ಮರದೊಳಗೆ ಗಾಳಿ ಸುತ್ತುವುದಿತ್ತು. ಸ್ವರ ಕೊನೆಗೆ ಬರುತ್ತಿದ್ದ ಹಾಗೆ ಅವಳ ತೋಳು ಸೋತು, ಮತ್ತೆ ಸಾವರಿಸಿಕೊಂಡದ್ದೂ ಕೇಳಿಸಿತು. ಒಂದೇ ಒಂದು ಸ್ವರದಲ್ಲಿ ಇಷ್ಟೊಂದು ಹಿಡಿಸುತ್ತದೆಯೇ ಎಂದು ಅವನು ಬೆರಗಾದ. ಇಡೀ ಜೀವಮಾನ ಯಾವುದಕ್ಕೆ ಹೆದರಿ ಓಡಿದ್ದನೋ ಅದರ ಒಳಗೆ, ಇಷ್ಟು ದಿನವೂ, ಅವನ ಮಗಳೇ ಕುಳಿತಿದ್ದಳು.

ಕಾಲು ಮೆಲ್ಲಗೆ ಇಳಿಯಿತು. ಮೊದಲು ಹೆಬ್ಬೆರಳು ಕಂಬಳಿಯನ್ನು ಮುಟ್ಟಿತು, ಆಮೇಲೆ ಪಾದ, ಆಮೇಲೆ ಹಿಮ್ಮಡಿ. ಏನೂ ಆಗಲಿಲ್ಲ. ಪಿಟೀಲು ಮುಂದಕ್ಕೆ ಹೋಯಿತು.

ರೆಕಾರ್ಡಿನಲ್ಲಿ ಡ್ರಮ್ಮೇ ಇರಲಿಲ್ಲ. ಆದರೂ ಫಿರಂಗಿಯ ಬಾಯಿ ತೆರೆದೇ ಇತ್ತು.

ಮುಗಿದ ಮೇಲೆ, ಯಾರೂ ವರದಿ ಕೇಳುವ ಮೊದಲೇ, ಕೊಕ್ಕರೆ ತಾನಾಗಿಯೇ ಎದ್ದು ನಿಂತ. ಕೈಗಳನ್ನು ಮೈಗೆ ಸೇರಿಸಿ, ನೆಟ್ಟಗೆ ನಿಂತು, ಒಪ್ಪಿಸಿದ. “ಎದುರಿಗೆ. ತೀರಾ ಹತ್ತಿರ. ನನ್ನ ಮಗಳು.”

ಮಗಳು ಕಣ್ಣೊರೆಸಿಕೊಂಡಳು. ಪಿಟೀಲಿನ ಪೆಟ್ಟಿಗೆ ತೆರೆದಳು, ವಾದ್ಯವನ್ನು ಗದ್ದಕ್ಕಾನಿಸಿಕೊಂಡು ಸ್ಪೀಕರುಗಳ ನಡುವೆ ನಿಂತಳು. “ಅಪ್ಪ, ಈಗ ಪೆಟ್ಟಿಗೆ ಇಲ್ದೆ. ಬಾಗಿಲು ಮುಚ್ಚೋದಾ, ತೆಗೆದಿರೋದಾ?”

“ಮುಚ್ಚು,” ಎಂದ ಕೊಕ್ಕರೆ.

ಅವನ ಹೆಂಡತಿ ಬಾಗಿಲು ಹಾಕಿದಳು. ಕೊಕ್ಕರೆ ತನ್ನ ಕುರ್ಚಿಯನ್ನು ಎತ್ತಿಕೊಂಡ. ಸೀಮೆಸುಣ್ಣದ ಗುರುತನ್ನು ದಾಟಿ, ಮುಂದಕ್ಕೆ ನಡೆದು, ಮಗಳಿಗೆ ಎದುರಾಗಿ ಹಾಕಿಕೊಂಡು ಕುಳಿತ. ಕುರ್ಚಿ ಗುರುತು ಬಿಟ್ಟದ್ದನ್ನು ಉಳಿದ ಇಬ್ಬರೂ ಕಂಡರು, ಯಾರೂ ಬೈಯಲಿಲ್ಲ.